ಮುತ್ತಜ್ಜ ಝರಿಯಾ ಕಲ್ಲಿದ್ದಲು ಗಣಿಯಲ್ಲಿದ್ದರು, ದಾಖಲೆ ಎಲ್ಲಿ ಹುಡುಕೋದು?

ಕಾಪುವಿನವ:
ನಮ್ಮಜ್ಜಿಯ ಅಪ್ಪ ಝರಿಯಾ ಕಡೆ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕಿದ್ದರು. ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ, ಇವರು ಮಾತ್ರ ಅಷ್ಟು ದೂರ ಯಾಕೆ ಹೋದರೋ. ಮೊನ್ನೆ ಅಟ್ಟ ಗುಡಿಸುವಾಗ ಅಜ್ಜಿಯ ಟ್ರಂಕಿನಲ್ಲಿ ಮನಿಯಾರ್ಡರ್ ಕೂಪನ್‌ಗಳ ಒಂದು ಕಟ್ಟು ಸಿಕ್ಕಿತು. ಒಂದರಲ್ಲಿ ಪೆನ್ಸಿಲಿನಲ್ಲಿ "ಮಗುವಿನ ಜ್ವರ ಬಿಟ್ಟಿತೇ, ದನ ಮಾರಬೇಡಿ" ಅಂತಿದೆ. ಆ ಮಗು ನಮ್ಮಜ್ಜಿಯೇ. ಅಂಚೆ ಮುದ್ರೆಯಲ್ಲಿ ಝರಿಯಾ, 1953 ಅನ್ನೋದಷ್ಟೇ ಓದಲಿಕ್ಕಾಗುತ್ತದೆ. ಧನ್‌ಬಾದ್ ಜಿಲ್ಲೆ ಅಂತ ಹಾಕಿ ಆನ್‌ಲೈನ್‌ನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ನಮ್ಮ ಕುಟುಂಬದ ಹಳೇ ಪಾಲುಪಟ್ಟಿಯಲ್ಲೂ ಅವರ ಹೆಸರಿಲ್ಲ. ಯಾರಿಗಾದರೂ ದಾರಿ ಗೊತ್ತಾ?

ಕದ್ರಿ ಅಕ್ಕ:
ನಾನು ಹುಟ್ಟಿ ಬೆಳೆದದ್ದು ಅಲ್ಲಿಯೇ. 1953ರಲ್ಲಿ ಧನ್‌ಬಾದ್ ಜಿಲ್ಲೆಯೇ ಇರಲಿಲ್ಲ ಮಾರಾಯ್ರೆ! ಆಗ ಅದೆಲ್ಲ ಮಾನ್‌ಭೂಮ್ ಜಿಲ್ಲೆ, ಕೇಂದ್ರ ಪುರುಲಿಯಾ. 1956ರಲ್ಲಿ ಒಡೆದು ಪುರುಲಿಯಾ ಬಂಗಾಳಕ್ಕೆ ಹೋಯಿತು, ಧನ್‌ಬಾದ್ ಬಿಹಾರದಲ್ಲಿ ಉಳಿಯಿತು, 2000ದಿಂದ ಜಾರ್ಖಂಡ್. ಅದೇ 1956ರಲ್ಲಿ ನಮ್ಮ ಜಿಲ್ಲೆಯೂ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತಲ್ವಾ, ಹಾಗಾಗಿ "ಸೌತ್ ಕೆನರಾ, ಮದ್ರಾಸ್" ಅಂತ ಹುಡುಕಿ. ನಮ್ಮಪ್ಪ ಅಲ್ಲಿ ರಿಟೈರ್ ಆಗೋವರೆಗೂ "ಮದ್ರಾಸಿ"ಯೇ.

ಮೊದಲು ಗಣಿಯ ಹೆಸರು ಬೇಕು, ಅದಿಲ್ಲದೆ ಸುಮ್ನೆ ಸುತ್ತಾಟ. ಆಗ ಎಲ್ಲ ಖಾಸಗಿ ಕಂಪನಿಗಳು, ಸಣ್ಣಪುಟ್ಟವೇ ಜಾಸ್ತಿ. 1972ರಲ್ಲಿ 214 ಕೋಕಿಂಗ್ ಕಲ್ಲಿದ್ದಲು (ಉಕ್ಕು ಮಾಡಲಿಕ್ಕೆ ಬೇಕಾದ ಕಲ್ಲಿದ್ದಲು) ಗಣಿಗಳನ್ನು ಸರಕಾರ ರಾಷ್ಟ್ರೀಕರಣ ಮಾಡಿತು, ಆಮೇಲೆ ಎಷ್ಟೋ ಗಣಿಗಳು ಒಂದರೊಳಗೊಂದು ಸೇರಿಹೋದವು. ಗಣಿ ಗೊತ್ತಾದರೆ ಅಲ್ಲಿಯ ಬಿ ಫಾರ್ಮ್ ರಿಜಿಸ್ಟರ್ ಉಳಿದಿದೆಯಾ ಕೇಳಿ, ಅದರಲ್ಲಿ ಕೆಲಸಗಾರನ ಹೆಸರು, ಅಪ್ಪನ ಹೆಸರು, ಊರು ಬರೆದಿರುತ್ತಾರೆ. 1948ರ ಕಾಯ್ದೆಯಿಂದ ಕಲ್ಲಿದ್ದಲಿನವರಿಗೆ ಬೇರೆಯೇ ಪಿಎಫ್ ಇದೆ, ಅದರ ಕಚೇರಿ ಧನ್‌ಬಾದ್‌ನಲ್ಲಿ. ಪಿಎಫ್ ನಂಬರಿನ ಯಾವ ಚೀಟಿ ಸಿಕ್ಕಿದರೂ ಬಿಸಾಡಬೇಡಿ.

ಹೋಗಿ ಅವರಿದ್ದ ಧೌರಾ ನೋಡ್ತೇನೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಧೌರಾ ಅಂದರೆ ಗಣಿ ಕೆಲಸಗಾರರ ಸಾಲುಮನೆ. ಝರಿಯಾದ ನೆಲದಡಿ 1916ರಿಂದ ಬೆಂಕಿ ಉರಿಯುತ್ತಾ ಇದೆ, ನಾವು ಆಡುತ್ತಿದ್ದ ಜಾಗವೇ ಈಗ ಇಲ್ಲ.

ದಸ್ತಾವೇಜು ಭಟ್ರು, ಉಡುಪಿ:
ಪಾಲುಪಟ್ಟಿಯ ವಿಷಯ ನಾನು ಹೇಳ್ತೇನೆ. ನೀವು ಅಳಿಯಕಟ್ಟಿನವರಾ, ಅಂದರೆ ವಂಶ, ಆಸ್ತಿ ಎಲ್ಲ ತಾಯಿಯ ಕಡೆಯಿಂದ ಬರುವವರಾ? ಹೌದಾದರೆ ನಿಮ್ಮ ಪತ್ರದಲ್ಲಿ ಅವರ ಹೆಸರು ಇರೋದೇ ಇಲ್ಲ! ನಿಮ್ಮದು ಅವರ ಹೆಂಡತಿಯ ಕುಟುಂಬ. ಅವರು ಸೇರೋದು ತಮ್ಮ ತಾಯಿಯ ಕವರಿಗೆ (ಕವರು ಅಂದರೆ ಹೆಣ್ಣಿನ ಕಡೆಯಿಂದ ಬಂದ ಕುಟುಂಬದ ಕವಲು), ಅಂದರೆ ಅಕ್ಕತಂಗಿಯರ ಮಕ್ಕಳ ಕಡೆಗೆ. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರು ಕವರಾಗಿ ಪಾಲು ಕೇಳುವ ಹಕ್ಕು ಬಂತು. ಆ ಕಾಲದ ಪತ್ರಗಳಲ್ಲಿ ಮಗುವಿನಿಂದ ಮುದುಕರವರೆಗೆ ಹೆಸರು, ವಯಸ್ಸು ಬರೆದದ್ದು ನಾನು ಬೇಕಾದಷ್ಟು ನೋಡಿದ್ದೇನೆ, ಪರವೂರಲ್ಲಿದ್ದವರ ವಿಳಾಸ ಸಮೇತ. ಆ ಮನೆಯ ಸರ್ವೆ ನಂಬರ್ ಹಿಡಿದುಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿ.

ಕಾಪುವಿನವ:
ಅಳಿಯಕಟ್ಟಿನವರೇ ಭಟ್ರೆ, ಇದು ತಲೆಗೇ ಹೋಗಿರಲಿಲ್ಲ. ಅಕ್ಕ, ಕೂಪನ್‌ಗಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ಒಂದರ ಮೂಲೆಯಲ್ಲಿ "ಪಿಟ್ 7" ಅಂತಿದೆ, ಅದರ ಮೊದಲಿನ ಅಕ್ಷರಗಳನ್ನು ಗೆದ್ದಲು ತಿಂದಿದೆ. ಮುತ್ತಜ್ಜನ ಮನೆಯ ಪಾಲುಪಟ್ಟಿ ಪಡುಬಿದ್ರಿಯಲ್ಲಿರುವ ಅವರ ತಂಗಿಯ ಮೊಮ್ಮಗಳ ಹತ್ತಿರ ಇದೆಯಂತೆ. ತೊಂದರೆ ಏನೆಂದರೆ, ಒಂದು ತೆಂಗಿನ ಮರದ ವಿಷಯಕ್ಕೆ ಆ ಮನೆಯವರ ಜೊತೆ ನಾವು ಮಾತಾಡದೆ 20 ವರ್ಷ ಆಯ್ತು. ಭಾನುವಾರ ಅಮ್ಮನನ್ನೇ ಮುಂದೆ ಬಿಟ್ಟು ಹೋಗ್ತಾ ಇದ್ದೇನೆ.