ಫುಲ್ ಝೂಮ್‌ನಲ್ಲಿ ಹಕ್ಕಿ ಮಸುಕು: ಪಿ900 ಕೊಟ್ಟು ಹಳೇ ಡಿ90 ತಗೊಳ್ಳಬಹುದಾ?

ಗುಡ್ಡೆಹಕ್ಕಿ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ನಿಕಾನ್ ಕೂಲ್‌ಪಿಕ್ಸ್ ಪಿ900, ಸೆಕೆಂಡ್ ಹ್ಯಾಂಡ್. 83 ಪಟ್ಟು ಝೂಮ್, 2000 ಮಿ.ಮೀ. ತನಕ ಹೋಗುತ್ತದೆ. ಹಕ್ಕಿ ತೆಗೆಯಲಿಕ್ಕೆಂದೇ ತಗೊಂಡದ್ದು. ಶಿರಿಯಾ ಅಳಿವೆಯ ಆಚೆ ಬದಿಯ ಗಾಳಿಮರದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಬಂದು ಕೂರುತ್ತದೆ. ಫುಲ್ ಝೂಮ್ ಹಾಕಿದರೆ ಫ್ರೇಮಿನಲ್ಲಿ ದೊಡ್ಡದಾಗಿಯೇ ಬರುತ್ತದೆ. ಆದರೆ ಒಂದು ಗರಿಯೂ ಬಿಡಿಯಾಗಿ ಕಾಣುವುದಿಲ್ಲ, ಒದ್ದೆ ಕಾಗದದ ಮೇಲೆ ಬಣ್ಣ ಹರಡಿದ ಹಾಗೆ. ಟ್ರೈಪಾಡ್ ಹಾಕಿದರೂ ಅಷ್ಟೇ.

ಭಾವನ ಹತ್ತಿರ ನಿಕಾನ್ ಡಿ90 ಮತ್ತು 70-300 ವಿಆರ್ (ಅಲುಗಾಟ ತಡೆಯುವ) ಲೆನ್ಸು ಉಂಟು. ಕಪಾಟಿನಲ್ಲಿ ಸುಮ್ನೆ ಕೂತಿದೆ. "ನನ್ನದರ ಸೆನ್ಸರ್ ದೊಡ್ಡದು, ನಿನ್ನದು ಮಕ್ಕಳಾಟಿಕೆ. ಬೇಕಾದರೆ ಅದಲು ಬದಲು ಮಾಡುವ" ಅನ್ನುತ್ತಾರೆ. ಏನು ಮಾಡಲಿ?

ಹಳೇಶಟರ್, ಮಂಜೇಶ್ವರ

ಕಣ್ಣು ಮುಚ್ಚಿ ಮಾಡಿ ಮಾರಾಯ್ರೆ. ಡಿ90 2008ರ ಕ್ಯಾಮೆರಾ ಆದರೂ ಡಿಎಸ್‌ಎಲ್‌ಆರ್ ಅಂದರೆ ಡಿಎಸ್‌ಎಲ್‌ಆರೇ. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 23.6 × 15.8 ಮಿ.ಮೀ. ನಿಮ್ಮದು ಹೆಚ್ಚುಕಮ್ಮಿ 6.2 × 4.6. ವಿಸ್ತೀರ್ಣ ಲೆಕ್ಕ ಹಾಕಿದರೆ ಹದಿಮೂರು ಪಟ್ಟು ವ್ಯತ್ಯಾಸ. ಇನ್ನೆಂಥ ಚರ್ಚೆ?

ಅಳಿವೆಬದಿ, ಕುಂಬಳೆ

ಹಳೇಶಟರ್ ಅಣ್ಣ, ಸೆನ್ಸರ್ ಲೆಕ್ಕ ಸರಿ. ಆದರೆ ದೂರದ ಹದ್ದಿನ ವಿಷಯಕ್ಕೆ ಅದು ಅರ್ಧ ಲೆಕ್ಕ. ಲೆನ್ಸಿನ ಬಾಯಿ ಎಷ್ಟು ಅಗಲ ಅಂತ ನೋಡಿ. 2000 ಮಿ.ಮೀ. ಅನ್ನುವುದು ಫುಲ್ ಫ್ರೇಮಿಗೆ, ಅಂದರೆ ಹಳೆ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿಗೆ, ಹೋಲಿಸಿ ಹೇಳುವ ಅಂಕಿ. ಪಿ900ರ ನಿಜವಾದ ಫೋಕಲ್ ಲೆಂತ್ ತುದಿಯಲ್ಲಿ 357 ಮಿ.ಮೀ., ಅಪರ್ಚರ್ (ಬೆಳಕಿನ ಕಿಂಡಿಯ ಅಳತೆ) ಎಫ್/6.5. 357ನ್ನು 6.5ರಿಂದ ಭಾಗಿಸಿದರೆ ಬಾಯಿ 55 ಮಿ.ಮೀ. ಡಿ90ಗೆ ಹಾಕುವ ಲೆನ್ಸು 300 ಮಿ.ಮೀ., ಎಫ್/5.6. ಅದನ್ನು ಭಾಗಿಸಿದರೆ 54 ಮಿ.ಮೀ. ಅಲ್ಲಿಗೆ ಆ ಹದ್ದಿನಿಂದ ಎರಡು ಕ್ಯಾಮೆರಾದೊಳಗೂ ಬರುವ ಬೆಳಕು ಹೆಚ್ಚುಕಮ್ಮಿ ಒಂದೇ. ದೊಡ್ಡ ಸೆನ್ಸರಿನ ಉಳಿದ ಜಾಗದಲ್ಲಿ ಬೀಳುವುದು ಬರೀ ಆಕಾಶ. ಅದನ್ನು ನೀವು ಆಮೇಲೆ ಕ್ರಾಪ್ ಮಾಡಿ ಬಿಸಾಡುತ್ತೀರಿ.

ಪಿಕ್ಸೆಲ್ ಲೆಕ್ಕವೂ ನೋಡುವ. ಪಿ900 ಚಿತ್ರದಲ್ಲಿ ಹದ್ದು 1500 ಪಿಕ್ಸೆಲ್ ಅಗಲ ಬಂದರೆ, ಅದೇ ಜಾಗದಿಂದ ಡಿ90ಯಲ್ಲಿ ಬರುವುದು 300 ಆಸುಪಾಸು. ಹಾಗಂತ ಪಿ900 ಐದು ಪಟ್ಟು ಚೆನ್ನಾಗಿ ತೋರಿಸುತ್ತದೆ ಅಂತಲ್ಲ. ಎಫ್/6.5ರಲ್ಲಿ ಬೆಳಕಿನ ಒಂದು ಚುಕ್ಕಿ ಲೆನ್ಸು ದಾಟುವಾಗ ಹರಡಿಕೊಂಡು, ಆ ಪುಟಾಣಿ ಪಿಕ್ಸೆಲ್‌ಗಳಲ್ಲಿ ಐದಾರನ್ನು ಆವರಿಸುತ್ತದೆ. ಇದು ಲೆನ್ಸಿನ ದೋಷ ಅಲ್ಲ, ಬೆಳಕಿನ ಗುಣವೇ ಹಾಗೆ. ಫುಲ್ ಝೂಮ್ ಚಿತ್ರವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ ನೋಡಿದರೆ ಯಾವತ್ತೂ ಮೆತ್ತಗೇ ಕಾಣುವುದು. ಅರ್ಧ ಸೈಜಿನಲ್ಲಿ ನೋಡಿ ತೀರ್ಮಾನಿಸಿ. ವಿವರದಲ್ಲಿ ಡಿ90ಗಿಂತ ಒಂದೂವರೆ ಎರಡು ಪಟ್ಟು ಮುಂದೆ ಇದ್ದರೆ ಅದೇ ದೊಡ್ಡದು.

ಆದರೂ ಗರಿಯೇ ಕಾಣುವುದಿಲ್ಲ ಅಂದರೆ ಬೇರೆ ಏನೋ ಉಂಟು. ಯಾವ ಹೊತ್ತಿಗೆ ತೆಗೆದದ್ದು? ಶಟರ್ ಸ್ಪೀಡ್ ಎಷ್ಟು? ಹದ್ದು ಎಷ್ಟು ದೂರ?

ಗುಡ್ಡೆಹಕ್ಕಿ, ಬದಿಯಡ್ಕ

ಮನೆ ಕೆಲಸ ಮುಗಿಸಿ ಹೊರಡುವುದು, ಅಲ್ಲಿ ಮುಟ್ಟುವಾಗ ಹತ್ತೂವರೆ ಹನ್ನೊಂದು. ಒಳ್ಳೆ ಬಿಸಿಲು ಇರುತ್ತದೆ, ಹಾಗಾಗಿ ಬೆಳಕಿನ ಕೊರತೆ ಇಲ್ಲ. ಡಯಲ್‌ನಲ್ಲಿ ಹಕ್ಕಿ ಗುರುತಿನ ಮೋಡ್. ಶಟರ್ 1/200 ಅಂತ ತೋರಿಸುತ್ತದೆ. ದೂರ ಮುನ್ನೂರು ನಾನೂರು ಮೀಟರ್ ಇರಬಹುದು. ಮಧ್ಯೆ ಮರಳು, ಆಮೇಲೆ ನೀರು.

ಅಳಿವೆಬದಿ, ಕುಂಬಳೆ

ಹನ್ನೊಂದು ಗಂಟೆ, ಮರಳು, ನಾನೂರು ಮೀಟರ್. ನನಗೆ ಮೊದಲ ಅನುಮಾನ ಗಾಳಿಯ ಮೇಲೆ. ಕಾದ ಮರಳಿನ ಮೇಲೆ ಬಿಸಿ ಗಾಳಿ ಏಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಎರಡರ ನಡುವೆ ಬೆಳಕು ಬಾಗುತ್ತಲೇ ಇರುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ, 2000 ಮಿ.ಮೀ.ನಲ್ಲಿ ಪೂರ್ತಿ ಗೊತ್ತಾಗುತ್ತದೆ. ನಮ್ಮ ಮುರಕಲ್ಲಿನ ಪದವುಗಳಲ್ಲಂತೂ (ಜಂಬಿಟ್ಟಿಗೆ ಕಲ್ಲಿನ ಬಯಲುಗುಡ್ಡ) ಇದು ಇನ್ನೂ ಜಾಸ್ತಿ. ಪೊಸಡಿಗುಂಪೆ ಗುಡ್ಡದ ಮೇಲೆ ಮಧ್ಯಾಹ್ನ ನಿಂತು ದೂರದ ಹಕ್ಕಿ ತೆಗೆಯುವುದು ಅಂದರೆ ಮೆಮೊರಿ ಕಾರ್ಡಿಗೆ ಶಿಕ್ಷೆ. ಎಷ್ಟು ದುಡ್ಡಿನ ಲೆನ್ಸು ತಂದರೂ ನಡುವಿನ ಗಾಳಿ ಅದೇ ಅಲ್ವಾ?

ಆದರೆ ಅನುಮಾನದಲ್ಲೇ ನಿಲ್ಲುವುದು ಬೇಡ, ಪರೀಕ್ಷೆ ಮಾಡಿ. ಕದಲದ ವಸ್ತು ಒಂದು ಬೇಕು. ಬೋರ್ಡಿನ ಅಕ್ಷರ ಆದರೆ ಅತ್ಯುತ್ತಮ. ಕ್ಯಾಮೆರಾ ಟ್ರೈಪಾಡಿನಲ್ಲಿಟ್ಟು ವಿಆರ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಕೈ ತೆಗೆದುಬಿಡಿ. ಐವತ್ತು ಮೀಟರಿನಿಂದ ಕೆಲವು ಚಿತ್ರ, ನಾನೂರು ಮೀಟರಿನಿಂದ ಕೆಲವು. ಹತ್ತಿರದ್ದು ಚೂಪು, ದೂರದ್ದು ಮಸುಕು ಅಂತಾದರೆ ಕ್ಯಾಮೆರಾ ಸರಿ ಉಂಟು ಅಂತ ಅರ್ಥ. ದೂರದ ಚಿತ್ರಗಳನ್ನು ಒಂದರ ಮೇಲೊಂದು ಓಡಿಸಿ ನೋಡಿ. ಅಕ್ಷರದ ಅಂಚು ಒಂದೊಂದರಲ್ಲಿ ಒಂದೊಂದು ಕಡೆ ವಕ್ರವಾದರೆ ಅದು ಗಾಳಿಯ ಕೆಲಸ. ಎಲ್ಲ ಅಂಚೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಟ್ರೈಪಾಡ್ ಅದುರಿದೆ. ಬೋರ್ಡು ಮಸುಕಾಗಿ ಹಿಂದಿನ ಎಲೆ ಚೂಪಾಗಿದ್ದರೆ ಫೋಕಸ್ ತಪ್ಪಿದೆ, ಆಗ ಫೋಕಸ್ ಚೌಕ ಚಿಕ್ಕದು ಮಾಡಿಕೊಳ್ಳಿ. ಹತ್ತಿರದ್ದೂ ಮಸುಕಾದರೆ ಮಾತ್ರ ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ನಮ್ಮ ಮಳೆಗಾಲಕ್ಕೆ ಅದೇನು ಅಪರೂಪ ಅಲ್ಲ.

ಇದೇ ಪರೀಕ್ಷೆಯನ್ನು ಬೆಳಿಗ್ಗೆ ಏಳು ಗಂಟೆಗೆ ಇನ್ನೊಮ್ಮೆ ಮಾಡಿ. ಹಕ್ಕಿ ಮೋಡ್ ಬಿಡಿ, ಶಟರ್ ವೇಗ ನಾವೇ ಇಡುವ ಶಟರ್ ಪ್ರಯಾರಿಟಿಗೆ ಬನ್ನಿ. 1/500 ಇಟ್ಟು ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 400 ದಾಟದಂತೆ ನೋಡಿಕೊಳ್ಳಿ. ಡಿಜಿಟಲ್ ಝೂಮ್ ಪೂರ್ತಿ ಆಫ್. ಝೂಮ್ ಪಟ್ಟಿ 83 ಪಟ್ಟು ದಾಟಿಯೂ ಹೋಗುತ್ತದೆ, ಆದರೆ ಅದರ ಮೇಲಿನದ್ದು ಗಾಜಿನಿಂದ ಬಂದದ್ದಲ್ಲ, ಇದ್ದ ಚಿತ್ರವನ್ನೇ ಹಿಗ್ಗಿಸಿದ್ದು. ಬೆಳಿಗ್ಗೆ ಹೋದರೆ ಇನ್ನೊಂದು ಲಾಭ, ಸೂರ್ಯ ನಿಮ್ಮ ಬೆನ್ನಿಗೆ, ಪಡುವಣದಲ್ಲಿ ಕೂತ ಹದ್ದಿನ ಎದೆಗೆ ನೇರ ಬೆಳಕು. ಸಂಜೆ ಅದೇ ಮರದಲ್ಲಿ ಬರೀ ಕಪ್ಪು ಆಕಾರ ಸಿಗುತ್ತದೆ.

ಹಳೇಶಟರ್, ಮಂಜೇಶ್ವರ

ಲೆಕ್ಕ ಒಪ್ಪಿದೆ. ಆದರೆ ಹಕ್ಕಿ ಯಾವಾಗಲೂ ನಾನೂರು ಮೀಟರಿನಲ್ಲಿ ಕೂತುಕೊಂಡೇ ಇರುವುದಿಲ್ಲವಲ್ಲ. ಆ ಹದ್ದು ನೀರಿಗೆ ಎರಗುವಾಗ ಪಿ900ರಲ್ಲಿ ತೆಗೆದು ತೋರಿಸಿ. ಸೆಕೆಂಡಿಗೆ 7 ಚಿತ್ರ ಅನ್ನುತ್ತಾರೆ, ನಿಜ. ಆದರೆ 7 ಆದ ಕೂಡಲೇ ಕಾರ್ಡಿಗೆ ಬರೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ಹದ್ದು ಮೀನು ಹಿಡಿದು ಊಟ ಮುಗಿಸಿರುತ್ತದೆ. ಡಿ90 ಸೆಕೆಂಡಿಗೆ 4.5 ಅಷ್ಟೇ, ಆದರೂ ಬಟನ್ ಒತ್ತಿದ ಕ್ಷಣಕ್ಕೆ ಶಟರ್ ಬೀಳುತ್ತದೆ. ವ್ಯೂಫೈಂಡರಿನಲ್ಲಿ ಕಾಣುವುದು ನಿಜವಾದ ಹಕ್ಕಿ, ಟಿವಿ ಅಲ್ಲ.

ಇನ್ನು ನೆರಳು. ನಾಗಬನದೊಳಗೆ ಚಳಿಗಾಲದಲ್ಲಿ ನವರಂಗ ಹಕ್ಕಿ ಬರುತ್ತದೆ, ಹತ್ತು ಹನ್ನೆರಡು ಮೀಟರಿನಲ್ಲಿ ಕುಪ್ಪಳಿಸುತ್ತಿರುತ್ತದೆ. ಅಲ್ಲಿ 2000 ಮಿ.ಮೀ. ಯಾರಿಗೆ ಬೇಕು?

ಅಳಿವೆಬದಿ, ಕುಂಬಳೆ

ಇದಕ್ಕೆ ಎದುರು ಮಾತಿಲ್ಲ. ಮೊದಲಿನ ಲೆಕ್ಕವೇ ಇಲ್ಲಿ ತಿರುಗಿ ಬೀಳುತ್ತದೆ. ಡಿ90ಯ 300 ಮಿ.ಮೀ. ತೋರಿಸುವಷ್ಟು ನೋಟಕ್ಕೆ, ಅಂದರೆ 450 ಮಿ.ಮೀ. ಸಮಾನಕ್ಕೆ, ಪಿ900ರ ನಿಜ ಫೋಕಲ್ ಲೆಂತ್ 80 ಮಿ.ಮೀ. ಮಾತ್ರ. ಅಪರ್ಚರ್ ಎಫ್/5 ಅಂತ ಇಟ್ಟುಕೊಂಡರೂ ಲೆನ್ಸಿನ ಬಾಯಿ 16 ಮಿ.ಮೀ.ಗೆ ಇಳಿಯುತ್ತದೆ. ಆಚೆ ಕಡೆ 54. ಬೆಳಕಿನಲ್ಲಿ ಹನ್ನೊಂದು ಪಟ್ಟು ವ್ಯತ್ಯಾಸ. ಬನದ ಕತ್ತಲೆಯಲ್ಲಿ ಐಎಸ್‌ಒ 1600ಕ್ಕೆ ಹೋದರೆ ಪಿ900ರಲ್ಲಿ ನವರಂಗದ ಬಣ್ಣ ಎಲ್ಲ ಕಲಸಿಹೋಗುತ್ತದೆ. ಅದರ ಮೇಲೆ ಪಿ900ರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಇಲ್ಲ, ಆಮೇಲೆ ಸರಿಮಾಡುವ ಅವಕಾಶವೂ ಕಮ್ಮಿ. ರಾ ಬಂದದ್ದು 2020ರ ಪಿ950ಯಲ್ಲಿ, ಅದೇ 83 ಪಟ್ಟು ಝೂಮಿನ ಜೊತೆ.

ಒಂದು ಮಾತು, ಗುಡ್ಡೆಹಕ್ಕಿಯವರೇ. ಡಿ90 ಸಿಕ್ಕಿತು ಅಂತ ಹದ್ದಿನ ಮರದ ಬುಡಕ್ಕೆ ಹೋಗಬೇಡಿ. ಚಳಿಗಾಲ ಅದರ ಗೂಡಿನ ಕಾಲ. 2023ರಲ್ಲಿ ಅದನ್ನು ನಮ್ಮ ಕಾಸರಗೋಡಿನ ಜಿಲ್ಲಾ ಪಕ್ಷಿ ಅಂತ ಘೋಷಿಸಿದ್ದಾರೆ. ಈಚೆ ಬದಿಯಿಂದಲೇ ತೆಗೆಯಿರಿ. ಉದ್ದ ಝೂಮ್ ಇರುವುದೇ ಅದಕ್ಕೆ.

ಗುಡ್ಡೆಹಕ್ಕಿ, ಬದಿಯಡ್ಕ

ಪರೀಕ್ಷೆ ಮಾಡಿದೆ. ಐವತ್ತು ಮೀಟರಿನ ಬೋರ್ಡು ಬ್ಲೇಡಿನ ಹಾಗೆ ಚೂಪು. ಹನ್ನೊಂದು ಗಂಟೆಗೆ ದೂರದ್ದು ಅಲುಗಾಡುವ ಅಕ್ಷರ, ಪ್ರತಿ ಚಿತ್ರದಲ್ಲೂ ಬೇರೆ ಬೇರೆ ವಕ್ರ. ಬೆಳಿಗ್ಗೆ ಏಳಕ್ಕೆ ಅದೇ ಬೋರ್ಡು ಓದಲಿಕ್ಕೆ ಬಂತು. ಹದ್ದು ಕೂಡಾ ಸಿಕ್ಕಿತು. ಕಣ್ಣಿನ ಸುತ್ತ ಗರಿ ಎಣಿಸುವಷ್ಟು ಅಲ್ಲ, ಆದರೆ ರೆಕ್ಕೆಯ ಬೂದು ಗರಿಗಳ ಅಂಚು ಸ್ಪಷ್ಟ ಇದೆ. ಭಾವನ ಡಿ90ಯಲ್ಲೂ ಅಲ್ಲಿಂದಲೇ ತೆಗೆದೆ. ಚಿತ್ರ ನೋಡಲಿಕ್ಕೆ ಚಂದ, ಆದರೆ ಕ್ರಾಪ್ ಮಾಡಿದ ಮೇಲೆ ಹದ್ದು ಅಂತ ನಾನೇ ಹೇಳಬೇಕು. ಹಾರುವಾಗ ತೆಗೆದವು ಮಾತ್ರ ಡಿ90ಯವೇ ಚೆನ್ನಾಗಿವೆ.

ಅದಲು ಬದಲು ಬೇಡ ಅಂತ ಭಾವನಿಗೆ ಹೇಳಿಯಾಯಿತು. ನವರಂಗದ ಸೀಸನ್ನಿಗೆ ಸಾಲ ಕೊಡುತ್ತಾರಂತೆ. ಅಕ್ಕನ ಶಿಫಾರಸು.

ಅಡಿಕೆಚಪ್ಪರ, ಎಣ್ಮಕಜೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೂ ಒಂದು ಹಳೆ ಡಿ90 ಬಾಡಿ ಸಿಗುವುದರಲ್ಲಿ ಉಂಟು. ಹೊಸ 70-300 ಎಎಫ್-ಪಿ ಲೆನ್ಸು ಹಗುರ ಅಂತ ಕೇಳಿದೆ. ಅದನ್ನು ತಗೊಂಡರೆ ಆಗುತ್ತದಾ?

ಹಳೇಶಟರ್, ಮಂಜೇಶ್ವರ

ಬೇಡವೇ ಬೇಡ! ಎಎಫ್-ಪಿ ಲೆನ್ಸಿಗೂ ಡಿ90ಗೂ ಆಗಿಬರುವುದಿಲ್ಲ. ಮೌಂಟಿಗೆ ಕೂರುತ್ತದೆ, ಆದರೆ ಫೋಕಸ್ ಆಗುವುದಿಲ್ಲ. ಕೈಯಲ್ಲಿ ರಿಂಗ್ ತಿರುಗಿಸಿದರೂ ಆಗುವುದಿಲ್ಲ, ಯಾಕಂದರೆ ಆ ರಿಂಗೂ ಕರೆಂಟಿನಲ್ಲೇ ಓಡುವುದು. ಎಎಫ್-ಎಸ್ 70-300 ವಿಆರ್ ಹುಡುಕಿ, 2006ರಿಂದ ಮಾರುಕಟ್ಟೆಯಲ್ಲಿದ್ದ ಲೆನ್ಸು, ಹಳೆಯದು ಸಿಗುತ್ತದೆ. ಡಿ90 ಬಾಡಿಯೊಳಗೇ ಫೋಕಸ್ ಮೋಟಾರ್ ಇರುವುದರಿಂದ ಸ್ವಂತ ಮೋಟಾರ್ ಇಲ್ಲದ ಹಳೆ ಎಎಫ್-ಡಿ ಲೆನ್ಸುಗಳೂ ಓಡುತ್ತವೆ. ಭಾರಕ್ಕೆ ಮಾತ್ರ ತಯಾರಾಗಿರಿ, ಬಾಡಿ ಲೆನ್ಸು ಸೇರಿ ಒಂದೂವರೆ ಕಿಲೋ ಹತ್ತಿರ. ಪಿ900 ಒಂಬೈನೂರು ಗ್ರಾಂ ಅಷ್ಟೇ.

ಬಾಡಿ ತಗೊಳ್ಳುವ ಮೊದಲು ಒಂದು ಚಿತ್ರ ತೆಗೆದು ಆ ಫೈಲಿನಿಂದ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಚಿತ್ರ ತೆಗೆದಿದೆ ಅಂತ, ನೋಡಿ. ಒಂದು ಲಕ್ಷ ಚಿತ್ರಕ್ಕೆ ಪರೀಕ್ಷಿಸಿದ ಶಟರ್ ಅದು. ಕಾರ್ಡು 32 ಜಿಬಿ ಎಸ್‌ಡಿಎಚ್‌ಸಿ ತನಕ ಮಾತ್ರ ಹಿಡಿಯುತ್ತದೆ, 64ರದ್ದು ತರಬೇಡಿ. ಮತ್ತೆ ಲೆನ್ಸನ್ನು ಬೀರುವಿನಲ್ಲಿ ಬಟ್ಟೆಯ ನಡುವೆ ಇಡಬೇಡಿ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ತೇವಾಂಶ ಮೀಟರ್. ಮುಳ್ಳು 40-50 ಪರ್ಸೆಂಟಿನ ನಡುವೆ ನಿಂತರೆ ಸಾಕು.