ಸಹಾಯ ಬೇಕು: 1942ರ ಇಶಾಪುರ ರೈಫಲ್ ಕೊಳ್ಳಬಹುದೇ?

ಮಾನ್ಯರೇ, ಕೊಡಗಿನವನಾದ ನಾನು ಈಗ ಟೆಕ್ಸಸ್‌ನಲ್ಲಿ ನೆಲೆಸಿದ್ದು, ಇಲ್ಲಿನ ಪರವಾನಗಿ ಪಡೆದ ವ್ಯಾಪಾರಿಯೊಬ್ಬರ ಬಳಿ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ 1942ರಲ್ಲಿ ತಯಾರಾದ .303 ಲೀ-ಎನ್‌ಫೀಲ್ಡ್ ರೈಫಲೊಂದನ್ನು ನೋಡಿದ್ದೇನೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಬೆಳೆದವನಾದರೂ, ಹಳೆಯ ಸೇನಾ ರೈಫಲ್ ಕೊಂಡ ಅನುಭವ ನನಗಿಲ್ಲ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಮೇಲಿನ ಸಂಖ್ಯೆಯು ಅದು ಕೂರುವ ಚೌಕಟ್ಟಾದ ರಿಸೀವರ್‌ನ ಸಂಖ್ಯೆಗೆ ಹೊಂದುತ್ತಿಲ್ಲವಾದ್ದರಿಂದ ಬೋಲ್ಟ್ ಬದಲಾಗಿರಬಹುದೆಂದೂ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ಗೂ ತೋಟೆಯ ಅಂಚು ಕೂರುವ ನಳಿಗೆಯ ಹಿಂತುದಿಗೂ ನಡುವಿನ ಅಂತರ) ಮಿತಿಮೀರಿದ್ದರೆ ಗುಂಡು ಹಾರಿಸುವಾಗ ತೋಟೆಯ ಹಿತ್ತಾಳೆ ಕವಚ ಸೀಳಬಹುದೆಂದೂ ಆತಂಕವಿದೆ. ಬೆಲೆಯ ಚೌಕಾಸಿ ಆಮೇಲಿನ ಮಾತು. ಹಳೆಯ ಸೇನಾ ತೋಟೆಗಳ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಉಳಿಸುವ ಲವಣ ನಳಿಗೆಗೆ ತುಕ್ಕು ಹಿಡಿಸುತ್ತದೆ. ಪ್ರತಿ ಸಲ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಸವರುವ ತಾಪತ್ರಯ ಬೇಡವೆಂದು ಹೊಸ ತೋಟೆಗಳನ್ನೇ ಬಳಸಬೇಕೆಂದಿದ್ದೇನೆ. ಗೇಜ್ ಹಾಕಿ ಹೆಡ್‌ಸ್ಪೇಸ್ ಪರೀಕ್ಷಿಸಿಕೊಡುವ ನಂಬಿಕಸ್ಥ ಗನ್‌ಸ್ಮಿತ್ (ಕೋವಿ ದುರಸ್ತಿಗಾರ) ಆಸ್ಟಿನ್ ಸುತ್ತಮುತ್ತ ಇದ್ದರೆ, ದಯವಿಟ್ಟು ಈ ಶನಿವಾರದೊಳಗೆ ತಿಳಿಸಬೇಕಾಗಿ ವಿನಂತಿ.