ಅಪ್‌ಡೇಟ್: 9 ಅಡಿ ದೂರಕ್ಕೆ ಫುಲ್ ಎಚ್‌ಡಿಯೋ 4ಕೆಯೋ

ಸೋಫಾದಿಂದ ಗೋಡೆಗೆ 9 ಅಡಿ, 43 ಇಂಚಿನ ಟಿವಿಗೆ ಫುಲ್ ಎಚ್‌ಡಿ ಸಾಕಾ, ಅದರ ನಾಲ್ಕು ಪಟ್ಟು ಪಿಕ್ಸೆಲ್ (ಚಿತ್ರದ ಚುಕ್ಕೆ) ಇರುವ 4ಕೆ ಬೇಕಾ ಅಂತ ಕೇಳಿದ್ದೆ. ಕೊನೆಗೆ ತಂದದ್ದು 55 ಇಂಚಿನ 4ಕೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಲೆಕ್ಕ ಹೀಗೆ: 43 ಇಂಚಿನ ಫುಲ್ ಎಚ್‌ಡಿಯಲ್ಲಿ (1920×1080) ಒಂದು ಪಿಕ್ಸೆಲ್ ಸುಮಾರು ಅರ್ಧ ಮಿ.ಮೀ. ಐದೂವರೆ ಅಡಿಗಿಂತ ಹಿಂದೆ ಕೂತರೆ ಸಾಮಾನ್ಯ ಕಣ್ಣಿಗೆ ಅದು ಬಿಡಿಯಾಗಿ ಕಾಣುವುದಿಲ್ಲ. 55 ಇಂಚಿಗೆ ಈ ಗಡಿ ಸುಮಾರು 7 ಅಡಿ. ಅಂದರೆ 9 ಅಡಿಯಲ್ಲಿ ಕೂತು 4ಕೆಯ ಹೆಚ್ಚುವರಿ ಪಿಕ್ಸೆಲ್ ಹುಡುಕಿ ಫಲವಿಲ್ಲ. ಆದರೆ 55ರಲ್ಲಿ ಫುಲ್ ಎಚ್‌ಡಿ ಮಾದರಿ ಅಂಗಡಿಯಲ್ಲಿ ಸಿಗುವುದೇ ಅಪರೂಪ, ಹಾಗಾಗಿ ಚರ್ಚೆ ಅಲ್ಲಿಗೇ ಮುಗಿಯಿತು. ದುಡ್ಡು ಹಾಕುವುದಿದ್ದರೆ ಪ್ಯಾನೆಲ್‌ನ ಬೆಳಕು, ಕಪ್ಪು ಬಣ್ಣದ ಆಳ ನೋಡಿ.

ನಿಜವಾದ ತೊಂದರೆ ಸಿಗ್ನಲ್‌ನದು. ಸೆಟ್‌ಟಾಪ್ ಬಾಕ್ಸಿನ ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್‌ಗಳು ಹೆಚ್ಚೆಂದರೆ 720×576. ದೊಡ್ಡ ಪರದೆಯಲ್ಲಿ ಮುಖಗಳು ಮಸುಕಾಗಿಯೇ ಕಾಣುತ್ತವೆ. ಕೆಂಪು-ಬಿಳಿ-ಹಳದಿ ಕೇಬಲ್ ಹಾಕಿದ್ದರೆ ಎಚ್‌ಡಿ ಚಾನೆಲ್ ಕೂಡ ಅಷ್ಟಕ್ಕೇ ಇಳಿಯುತ್ತದೆ. ಎಚ್‌ಡಿಎಂಐ ಹಾಕಿ, ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ 1080ಐ (ಎಚ್‌ಡಿ) ಮಾಡಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಟಿವಿಯ ಪಿಕ್ಚರ್ ಸೈಜ್‌ನಲ್ಲಿ ಓವರ್‌ಸ್ಕ್ಯಾನ್ (ಚಿತ್ರವನ್ನು ಹಿಗ್ಗಿಸಿ ತೋರಿಸುವುದು) ಆಫ್ ಮಾಡಬೇಕು.

ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬರುವುದು ಪ್ರೀಮಿಯಂ ಪ್ಲಾನಿನಲ್ಲಿ ಮಾತ್ರ. 15 ಎಂಬಿಪಿಎಸ್ ವೇಗ ಬೇಕು. ಗೇಮ್ ಕನ್ಸೋಲ್ ಇದ್ದರೆ ಅದನ್ನು ಸಿಕ್ಕಿಸಿದ ಎಚ್‌ಡಿಎಂಐ ಪೋರ್ಟನ್ನು ಟಿವಿಯ ಮೆನುವಿನಲ್ಲಿ 'ಎನ್‌ಹ್ಯಾನ್ಸ್‌ಡ್' ಮಾಡಿ. ಇಲ್ಲದಿದ್ದರೆ ಕೆಲವು ಟಿವಿಗಳಲ್ಲಿ 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) 4ಕೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚು ತೋರಿಸುವ ಚಿತ್ರ) ಬರುವುದೇ ಇಲ್ಲ.